ಗಿಡದ ಕೆಳಗಿನ ಹುಡುಗ, ಹುಲ್ಲಿನ ಮೇಲಿನ ರೊಟ್ಟಿ

(ಬಂಗಾರಪೇಟೆಯ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ)

ಓದಬೇಕಾದ ವಾಕ್ಯಭಾಗಗಳು: ಆದಿಕಾಂಡ 21:14–20, ಮತ್ತಾಯ 14:10–21, ಯೋಹಾನ 6:5–13, 2 ಕೊರಿಂಥದವರಿಗೆ 1:3–4

ಬೆಂಗಳೂರಿಂದ ಶನಿವಾರ ರಾತ್ರಿ ಟ್ರೇನಲ್ಲಿ ನಿಂತುಕೊಂಡೇ ಬಂದು, ಇವತ್ತು ಬೆಳಿಗ್ಗೆ ಆರಾಧನೆಗೆ ಬಂದಿರೋ ತಮ್ಮ ತಂಗಿಯರಿಗೆ ವಿಶೇಷವಾದ ವಂದನೆ. ನೀವು ಎಷ್ಟು ಸುಸ್ತಾಗಿದ್ದೀರಿ ಅಂತ ನನಗೆ ಗೊತ್ತು. ಆ ಟ್ರೇನಲ್ಲಿ ನಾನೂ ಆರು ವರ್ಷ ಓಡಾಡಿದವನೇ. ಹಲ್ಲೆಲೂಯಾ.

ಇವತ್ತಿನ ಪಾಠ ಮಕ್ಕಳ ಬಗ್ಗೆ. "ಪಾಸ್ಟರ್, ನಮಗಿನ್ನೂ ಮದುವೆನೇ ಆಗಿಲ್ಲ, ನಮಗ್ಯಾಕೆ ಮಕ್ಕಳ ಪಾಠ?" ಅಂತ ಕೇಳಬೇಡಿ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಸಂಡೇ ಸ್ಕೂಲ್ ಟೀಚರ್‌ಗಳು. ಇನ್ನರ್ಧ ಜನಕ್ಕೆ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದೆ. ಅದೂ ಅಲ್ಲದೆ, ನಮ್ಮೆಲ್ಲರ ಒಳಗೂ ಹತ್ತು ವರ್ಷದ ಒಂದು ಮಗು ಇನ್ನೂ ಎಲ್ಲೋ ಕೂತಿದೆ. ಆ ಮಗು ಎಲ್ಲಿ ಕೂತಿದೆ ಅಂತ ಇವತ್ತು ನೋಡೋಣ.

ಒಂದು ಹುಣಸೆ ಮರದ ಸಾಕ್ಷಿ

ಮೊದಲು ನನ್ನ ಸಾಕ್ಷಿ ಹೇಳ್ತೀನಿ. ಇದರಲ್ಲಿ ಹೊಗಳಿಕೊಳ್ಳೋಕೆ ಏನೂ ಇಲ್ಲ.

ನಾನು ಹುಟ್ಟಿದ್ದು ಕೆ.ಜಿ.ಎಫ್‌ನಲ್ಲಿ, ಚಾಂಪಿಯನ್ ರೀಫ್ ಕಡೆ, ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ. ನಮ್ಮ ಲೈನಲ್ಲಿ ಒಂದು ಮನೆಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಜಗಳ ಮಾತ್ರ ಮೂರರಲ್ಲೂ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಶುರುವಾದ ಆ ಗಣಿಗಾರಿಕೆಯಲ್ಲಿ ಭೂಮಿಯೊಳಗೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದವರು ನಮ್ಮ ತಾತಂದಿರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು. ನಮ್ಮ ತಂದೆಯವರೂ ಕೇಜಲ್ಲಿ ಇಳಿದು ಕೆಲಸ ಮಾಡಿದವರು. 2001ನೇ ಇಸವಿ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಗ ನನಗೆ ಹತ್ತು ವರ್ಷ.

ಮುಚ್ಚಿದ ದಿನಕ್ಕಿಂತ ಅದರ ಮರುದಿನ ನನಗೆ ಚೆನ್ನಾಗಿ ನೆನಪಿದೆ. ಶಿಫ್ಟಿಗೆ ಏಳೋ ಹೊತ್ತಿಗೇ ಅಪ್ಪ ಎದ್ದರು. ಮುಖ ತೊಳೆದರು, ಕಾಫಿ ಕುಡಿದರು. ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಗೋಡೆ ಕಡೆ ಮುಖ ಮಾಡಿ ಕೂತರು. ಆವತ್ತಿಂದ ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಜೋರಾಗಿ ಯಾರೂ ಮಾತಾಡಲಿಲ್ಲ. ಅಮ್ಮ ಪಾತ್ರೆ ಇಡೋ ಶಬ್ದಕ್ಕೂ ನಾವು ಹೆದರ್ತಿದ್ವಿ.

ನಾನು ಏನು ಮಾಡ್ತಿದ್ದೆ ಗೊತ್ತಾ? ಲೈನ್ ಹಿಂದೆ ಒಂದು ಹಳೇ ಹುಣಸೆ ಮರ ಇತ್ತು. ಸ್ಕೂಲ್ ಬಿಟ್ಟ ತಕ್ಷಣ ಅದರ ಬೇರಿನ ಮೇಲೆ ಹೋಗಿ ಕೂತ್ಕೊಳ್ತಿದ್ದೆ. ಎಳೇ ಚಿಗುರು ಕಿತ್ತು ಬಾಯಿಗೆ ಹಾಕ್ಕೊಳ್ತಿದ್ದೆ. ಅಳಿಲು ಓಡೋದನ್ನ ನೋಡ್ತಿದ್ದೆ. ದೂರದಲ್ಲಿ ಸಯನೈಡ್ ದಿಬ್ಬದ ಮೇಲೆ ಸಂಜೆ ಬಿಸಿಲು ಬಿದ್ದಾಗ ಅದು ಚಿನ್ನದ ಥರಾನೇ ಕಾಣ್ತಿತ್ತು. ಅಲ್ಲಿ ನನಗೆ ಉಸಿರು ಬರ್ತಿತ್ತು. ಅದು ಪ್ರಾರ್ಥನೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. "ದೇವರೇ, ಅಪ್ಪ ಮಾತಾಡಲಿ" ಅಂತ ಮಾತ್ರ ಅಂದ್ಕೊಳ್ತಿದ್ದೆ.

ಇಲ್ಲಿಯವರೆಗೆ ಚೆಂದದ ಕಥೆ. ಈಗ ಚೆಂದ ಇಲ್ಲದ ಭಾಗ. ನನಗೆ ಒಬ್ಬ ತಮ್ಮ ಇದ್ದಾನೆ, ಮೂರು ವರ್ಷ ಚಿಕ್ಕವನು. ಅವನು ನನ್ನ ಹಿಂದೆನೇ ಬರ್ತಿದ್ದ. ನಾನು ಕಲ್ಲು ಎತ್ತಿ ಹೆದರಿಸಿ ಓಡಿಸ್ತಿದ್ದೆ. "ಇದು ನನ್ನ ಜಾಗ, ನೀನು ಹೋಗು" ಅಂತ. ಅವನು ಮನೆಗೆ ವಾಪಸ್ ಹೋಗ್ತಿದ್ದ, ಆ ಮೌನದೊಳಗೆ.

ಇಪ್ಪತ್ತು ವರ್ಷ ಆದ ಮೇಲೆ, ಅಪ್ಪ ತೀರಿಕೊಂಡ ರಾತ್ರಿ ತಮ್ಮ ನನ್ನ ಪಕ್ಕ ಕೂತು ಹೇಳಿದ: "ಅಣ್ಣಾ, ನಿನಗಾದರೂ ಒಂದು ಮರ ಇತ್ತು. ನನಗೆ ಏನಿತ್ತು?" ನಾನು ಬೈಬಲ್ ಕಾಲೇಜಲ್ಲಿ ಡಿಪ್ಲೊಮಾ ಮಾಡಿದ್ದೆ, ಎಷ್ಟೋ ಶವಸಂಸ್ಕಾರಗಳಲ್ಲಿ ಆದರಣೆಯ ಸಂದೇಶ ಕೊಟ್ಟಿದ್ದೆ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಕರ್ತನು ನನಗೆ ಕೊಟ್ಟ ನೆರಳನ್ನ ನಾನು ಬೇಲಿ ಹಾಕಿ ಇಟ್ಟುಕೊಂಡಿದ್ದೆ. ಇವತ್ತಿನ ಪಾಠ ಹುಟ್ಟಿದ್ದು ಅಲ್ಲಿಂದ.

ಒಂದು: ದೇವರು ಹುಡುಗನ ಧ್ವನಿ ಕೇಳಿದನು

ಆದಿಕಾಂಡ 21 ತೆಗೆಯಿರಿ. ಮೊಬೈಲಲ್ಲಿ ತೆಗೆಯೋರು ನೋಟಿಫಿಕೇಷನ್ ಆಫ್ ಮಾಡಿ ತೆಗೆಯಿರಿ.

ಹಾಗರಳನ್ನೂ ಅವಳ ಮಗ ಇಷ್ಮಾಯೇಲನನ್ನೂ ಮನೆಯಿಂದ ಕಳಿಸಿಬಿಡ್ತಾರೆ. ಕೈಯಲ್ಲಿ ಸ್ವಲ್ಪ ರೊಟ್ಟಿ, ಒಂದು ಚರ್ಮದ ಚೀಲದಲ್ಲಿ ನೀರು. ಬೇರ್ಷೆಬದ ಅಡವಿಯಲ್ಲಿ ದಾರಿ ತಪ್ಪಿ ಅಲೀತಾರೆ. ನೀರು ಮುಗಿಯುತ್ತೆ. ಆಗ ಆ ತಾಯಿ ಮಗನನ್ನ ಒಂದು ಗಿಡದ ಕೆಳಗೆ ಬಿಟ್ಟು, ಬಿಲ್ಲೆಸೆತದ ದೂರ ಹೋಗಿ ಕೂತು ಅಳ್ತಾಳೆ. ಮಗ ಸಾಯೋದನ್ನ ಕಣ್ಣಿಂದ ನೋಡೋಕೆ ಅವಳ ಕೈಲಿ ಆಗಲ್ಲ.

ಸಂಡೇ ಸ್ಕೂಲ್ ಚಿತ್ರಗಳಲ್ಲಿ ಇಷ್ಮಾಯೇಲನನ್ನ ಕೂಸಿನ ಥರ ಬರೀತಾರೆ. ಲೆಕ್ಕ ಹಾಕಿ ನೋಡಿ. ಅವನು ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕ ಹುಟ್ಟಿದಾಗ 100 ವರ್ಷ. ಇಸಾಕನಿಗೆ ಹಾಲು ಬಿಡಿಸಿದ ಮೇಲೆ ಈ ಸಂಗತಿ ನಡೆದದ್ದು. ಅಂದ್ರೆ ಹುಡುಗನಿಗೆ ಹದಿನೈದು ಹದಿನಾರು ವರ್ಷ ಇರಬಹುದು. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ವಯಸ್ಸು! "ದೊಡ್ಡವನಾಗಿದ್ದಾನೆ, ಅವನಿಗೇನು" ಅಂತ ನಾವು ಬಿಟ್ಟುಬಿಡೋ ವಯಸ್ಸು.

ಈಗ ಗಮನಿಸಿ. ಅತ್ತವಳು ಹಾಗರ. ಅವಳು ಗಟ್ಟಿಯಾಗಿ ಅತ್ತಳು ಅಂತ ವಾಕ್ಯ ಹೇಳುತ್ತೆ. ಆದರೆ ದೇವರು ಯಾರ ಧ್ವನಿ ಕೇಳಿದನು? ಹುಡುಗನ ಧ್ವನಿ. ಹುಡುಗ ಏನು ಅಂದ, ಅತ್ತನೋ, ನರಳಿದನೋ, ಬರೀ ಉಸಿರೆಳೆದನೋ, ಒಂದು ಮಾತೂ ಬರೆದಿಲ್ಲ. ತಾಯಿಗೇ ಕೇಳಿಸದಷ್ಟು ಸಣ್ಣ ಧ್ವನಿ ಪರಲೋಕಕ್ಕೆ ಕೇಳಿಸಿತು. ಇಷ್ಮಾಯೇಲ ಅನ್ನೋ ಹೆಸರಿನ ಅರ್ಥವೇ "ದೇವರು ಕೇಳುತ್ತಾನೆ" ಅಂತ. ಆಮೆನ್ ಹೇಳೋಣ.

ಇನ್ನೊಂದು ಮಾತು 17ನೇ ವಚನದಲ್ಲಿದೆ. ಹುಡುಗ ಎಲ್ಲಿದ್ದಾನೋ ಅಲ್ಲಿಂದಲೇ ದೇವರು ಅವನ ಧ್ವನಿ ಕೇಳಿದ್ದಾನೆ ಅಂತ ದೂತನು ಹೇಳ್ತಾನೆ. ಎಲ್ಲಿದ್ದಾನೋ ಅಲ್ಲಿಂದಲೇ. ಯಜ್ಞವೇದಿ ಹತ್ರ ಬಾ, ಆಮೇಲೆ ಕೇಳ್ತೀನಿ ಅನ್ನಲಿಲ್ಲ. ಗಿಡದ ಕೆಳಗೆ, ಮಣ್ಣಿನ ಮೇಲೆ ಬಿದ್ದವನ ಧ್ವನಿ ಅಲ್ಲೇ ಕೇಳಿದನು.

ಇಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬರುತ್ತೆ. "ಬ್ರದರ್, ಮರದ ಹತ್ರ ಸಮಾಧಾನ ಸಿಗುತ್ತೆ ಅನ್ನೋದು ಮರವನ್ನ ಪೂಜೆ ಮಾಡಿದ ಹಾಗಲ್ವಾ?" ಒಳ್ಳೇ ಪ್ರಶ್ನೆ. ಗಿಡ ಇಷ್ಮಾಯೇಲನನ್ನ ಬದುಕಿಸಲಿಲ್ಲ, ಬದುಕಿಸಿದ್ದು ದೇವರು. ಆದರೆ ದೇವರು ಬರೋವರೆಗೆ ಬಿಸಿಲಿಂದ ಅವನ ತಲೆ ಕಾದದ್ದು ಆ ಗಿಡ. ಅದನ್ನ ಅಲ್ಲಿ ಬೆಳೆಸಿದ್ದು ಯಾರು? ಹಾಗರ ನೆಟ್ಟಿದ್ದಲ್ಲ. ಆ ಕುಟುಂಬ ಮನೆ ಬಿಡೋಕೆ ಎಷ್ಟೋ ವರ್ಷ ಮುಂಚೆನೇ ದೇವರು ಆ ಗಿಡಕ್ಕೆ ಬೇರು ಕೊಟ್ಟಿದ್ದ. ಎಲೀಯನೂ ಹಾಗೇ. ಸಾಯಬೇಕು ಅಂತ ಅಡವಿಗೆ ಹೋದವನು ಒಂದು ಗಿಡದ ಕೆಳಗೆ ಮಲಗಿದ. ದೂತನು ಅವನಿಗೆ ಮೊದಲು ಉಪದೇಶ ಕೊಡಲಿಲ್ಲ. ರೊಟ್ಟಿ, ನೀರು, ಮತ್ತೆ ನಿದ್ದೆ ಕೊಟ್ಟ. ಪ್ರವಾದಿಗೇ ಗಿಡದ ನೆರಳು ಬೇಕಾಯಿತು ಅಂದ್ರೆ ನಮ್ಮ ಮಕ್ಕಳಿಗೆ ಬೇಡ್ವಾ? ಸೃಷ್ಟಿಯನ್ನ ಆರಾಧಿಸೋದು ಪಾಪ. ಸೃಷ್ಟಿಕರ್ತನು ಕೈಯಲ್ಲಿ ಹಿಡಿದು ಕೊಟ್ಟಿದ್ದನ್ನ "ಬೇಡ" ಅಂತ ತಳ್ಳೋದೂ ಕೃತಜ್ಞತೆ ಅಲ್ಲ.

ಲೋಕದ ವಿದ್ಯೆಯೂ ಇದನ್ನ ಗುರುತಿಸಿದೆ. 1984ರಲ್ಲಿ ರೋಜರ್ ಉಲ್ರಿಚ್ ಅನ್ನೋ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನ ನೋಡಿ ಒಂದು ಲೇಖನ ಬರೆದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣ್ತಿದ್ದವು, ಇನ್ನರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಗಟ್ಟಿ ನೋವಿನ ಔಷಧಿಯೂ ಅವರಿಗೆ ಕಡಿಮೆ ಬೇಕಾಯಿತು. ಗೋಡೆ ನೋಡ್ತಾ ಕೂತಿದ್ದ ನಮ್ಮಪ್ಪ ನನಗೆ ನೆನಪಾದರು.

ಎರಡು: ಕಣ್ಣು ತೆರೆದಾಗ ಬಾವಿ ಕಂಡಿತು

19ನೇ ವಚನ. ದೇವರು ಹಾಗರಳ ಕಣ್ಣು ತೆರೆದನು, ಅವಳಿಗೆ ನೀರಿನ ಬಾವಿ ಕಂಡಿತು. ಹೊಸದಾಗಿ ಬಾವಿ ಸೃಷ್ಟಿ ಮಾಡಿದನು ಅಂತ ಬರೆದಿಲ್ಲ. ಅಳು ಕಣ್ಣಿಗೆ ಕಟ್ಟಿತ್ತು, ಅದಕ್ಕೆ ಕಾಣಿಸಿರಲಿಲ್ಲ.

ಕೋಲಾರ ಜಿಲ್ಲೆಯವರಿಗೆ ನೀರಿನ ಬಗ್ಗೆ ನಾನು ಪಾಠ ಮಾಡಬೇಕಾಗಿಲ್ಲ. ವರ್ಷವಿಡೀ ಹರಿಯೋ ನದಿ ನಮಗಿಲ್ಲ. ಸಾವಿರ ಅಡಿ ಬೋರ್ ಕೊರೆಸಿ ಬರೀ ಧೂಳು ನೋಡಿದ ಮನೆಗಳು ಈ ಸಭೆಯಲ್ಲೇ ಇವೆ. ನಮ್ಮ ಮಕ್ಕಳಿಗೆ ನೀರು ಅಂದ್ರೆ ಟ್ಯಾಂಕರ್, ಕ್ಯಾನ್, ಬಿಂದಿಗೆ ಸಾಲು. 2021ರ ನವೆಂಬರ್ ನೆನಪಿದೆಯಾ? ಬಿಡದೆ ಮಳೆ ಬಂತು. ಒಣಗಿ ಸೀಮೆಜಾಲಿ ಬೆಳೆದಿದ್ದ ಕೆರೆಗಳು ತುಂಬಿ ಕೋಡಿ ಹರಿದವು. ಕೋವಿಡ್‌ನಲ್ಲಿ ಎರಡು ವರ್ಷ ಮನೆಯೊಳಗೆ ಮೊಬೈಲ್ ಕ್ಲಾಸಲ್ಲಿ ಕೂತಿದ್ದ ಮಕ್ಕಳನ್ನ ದೊಡ್ಡವರು ಸ್ಕೂಟರ್ ಮೇಲೆ ಕೂರಿಸ್ಕೊಂಡು ಕೋಡಿ ತೋರಿಸೋಕೆ ಹೋದರು. ನಾನೂ ನಮ್ಮ ಸಂಡೇ ಸ್ಕೂಲಿನ ನಾಲ್ಕು ಮಕ್ಕಳನ್ನ ಬೇತಮಂಗಲದ ಕಡೆ ಕರ್ಕೊಂಡು ಹೋಗಿದ್ದೆ. ಅದು ಪಾಲಾರ್ ನದಿಯ ಕೆರೆ, ಕೆ.ಜಿ.ಎಫ್‌ಗೆ ಎಷ್ಟೋ ಕಾಲ ಕುಡಿಯೋ ನೀರು ಕೊಟ್ಟ ಕೆರೆ. ನೀರಿನಿಂದ ದೂರ, ರಸ್ತೆ ಬದಿಯಲ್ಲೇ ನಿಂತು ನೋಡಿದ್ವಿ. ಅದರಲ್ಲಿ ಒಂದು ಹೆಣ್ಣುಮಗು ನನ್ನ ಕೈ ಹಿಡ್ಕೊಂಡು ಕೇಳ್ತು: "ಅಣ್ಣಾ, ಇಷ್ಟು ನೀರು ಇಷ್ಟು ದಿನ ಎಲ್ಲಿತ್ತು?"

ನನ್ನ ಹತ್ರ ಉತ್ತರ ಇದ್ದಿದ್ದರೆ ಆವತ್ತೇ ಪ್ರಸಂಗ ಮಾಡ್ತಿದ್ದೆ. ಆ ಮಗುವಿನ ಅಜ್ಜಿ ಆ ವರ್ಷವೇ ತೀರಿಕೊಂಡಿದ್ದರು. ಅವಳು ಆವತ್ತು ಮನೆಗೆ ಹೋಗಿ ಮೊದಲ ಸಲ ಅಜ್ಜಿ ಬಗ್ಗೆ ಮಾತಾಡಿದಳಂತೆ, ಅವರಮ್ಮ ಆಮೇಲೆ ಹೇಳಿದರು. ನಾನು ಮಾಡಿದ್ದು ಬರೀ ಸ್ಕೂಟರ್ ಓಡಿಸಿದ್ದು. ಮಿಕ್ಕಿದ್ದು ಕರ್ತನು ಮಾಡಿದ್ದು.

ಆದರೆ ಕಣ್ಣು ತೆರೆಯೋದು ಅಂದ್ರೆ ಚೆಂದದ್ದನ್ನ ಮಾತ್ರ ನೋಡೋದಲ್ಲ. ನಾನು ಹತ್ತು ವರ್ಷದವನಾಗಿ ಚಿನ್ನ ಅಂದ್ಕೊಂಡು ನೋಡ್ತಿದ್ದ ಆ ಸಯನೈಡ್ ದಿಬ್ಬಗಳು ಏನು? ಬಂಡೆ ಪುಡಿ ಮಾಡಿ, ಸಯನೈಡ್ ನೀರಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಗಸಿ. ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿ ಗುಡ್ಡಗಳಾಗಿ ಬಿದ್ದಿದೆ. ಗಾಳಿ ಕಾಲದಲ್ಲಿ ಆ ಧೂಳು ಮನೆಯೊಳಗೆ, ತಟ್ಟೆಯೊಳಗೆ, ಎದೆಯೊಳಗೆ ಬರುತ್ತೆ. ಗಣಿಯ ಕಲ್ಲುಧೂಳು ಕುಡಿದು ಸಿಲಿಕೋಸಿಸ್‌ನಲ್ಲಿ ಕೆಮ್ಮಿ ಕೆಮ್ಮಿ ಹೋದ ತಾತಂದಿರು ನಮ್ಮ ಪ್ರತಿ ಲೈನಲ್ಲೂ ಇದ್ದರು. ಸಿನಿಮಾ ಹಾಡಿಗೆ, ರೀಲ್ಸಿಗೆ ಆ ದಿಬ್ಬ ಚೆನ್ನಾಗಿ ಕಾಣಬಹುದು. ಮಕ್ಕಳಿಗೆ ಅದು ಆಟದ ಮೈದಾನ ಅಲ್ಲ. ದಯವಿಟ್ಟು ಯಾವ ಮಗುವನ್ನೂ ಅಲ್ಲಿ ಜಾರೋಕೆ ಬಿಡಬೇಡಿ.

ರೋಮಾಪುರದವರಿಗೆ 8ನೇ ಅಧ್ಯಾಯದಲ್ಲಿ ಪೌಲನು ಸೃಷ್ಟಿಯೆಲ್ಲ ನರಳುತ್ತಿದೆ ಅಂತಾನೆ. ಆ ವಾಕ್ಯ ಕೆ.ಜಿ.ಎಫ್‌ನವರಿಗೆ ಕಣ್ಣೆದುರೇ ಇದೆ. ನರಳೋ ಭೂಮಿ ಮೇಲೆ ನರಳೋ ಮಕ್ಕಳು. ಆದರೂ ಆ ಭೂಮಿಯೇ ಇನ್ನೂ ಹುಣಸೆ ಚಿಗುರು ಕೊಡುತ್ತೆ, ಹೊಂಗೆ ಹೂ ಕೊಡುತ್ತೆ. ಗಾಯ ಆದವರೇ ಸಂತೈಸೋದು ನೋಡಿ! ಇದು ಮೂರನೇ ವಿಷಯಕ್ಕೆ ನಮ್ಮನ್ನ ಕರ್ಕೊಂಡು ಹೋಗುತ್ತೆ.

ಮೂರು: ಹುಲ್ಲಿನ ಮೇಲೆ ಹಂಚಿದ ರೊಟ್ಟಿ

ಐದು ರೊಟ್ಟಿ ಎರಡು ಮೀನಿನ ಪ್ರಸಂಗ ನೀವು ನೂರು ಸಲ ಕೇಳಿದ್ದೀರಿ. ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ಅಂತ ಮತ್ತಾಯ 14 ನೋಡಿ. ಸ್ನಾನಿಕನಾದ ಯೋಹಾನನ ತಲೆ ಹೊಯ್ದರು. ಯೇಸು ಸ್ವಾಮಿಗೆ ಬಂಧು, ದೀಕ್ಷಾಸ್ನಾನ ಕೊಟ್ಟವನು. ಆ ಸುದ್ದಿ ಕೇಳಿದ ಮೇಲೆ ಯೇಸು ದೋಣಿ ಹತ್ತಿ, ಜನ ಇಲ್ಲದ ಜಾಗಕ್ಕೆ ಒಬ್ಬನೇ ಹೊರಟನು. ನಮ್ಮ ಕರ್ತನೂ ದುಃಖದಲ್ಲಿ ನೀರು, ಬೆಟ್ಟ, ಬಯಲು ಹುಡುಕಿಕೊಂಡು ಹೋದವನೇ! ಆಗಾಗ ಬೆಟ್ಟಕ್ಕೆ ಹೋಗಿ ಪ್ರಾರ್ಥಿಸಿದವನೇ.

ಆದರೆ ಆ ಜಾಗಕ್ಕೂ ಜನ ಹಿಂದೆನೇ ಬಂದರು. ಆತನು ಏನು ಮಾಡಿದನು? ನನ್ನ ಹಾಗೆ ಕಲ್ಲು ಎತ್ತಿ ಓಡಿಸಿದನಾ? ಅವರನ್ನ ಕಂಡು ಕನಿಕರಪಟ್ಟನು. ಶಿಷ್ಯರು "ಇವರನ್ನ ಕಳಿಸಿಬಿಡು" ಅಂದರು. ಕರ್ತನು ಕೂರಿಸಿ ಅಂದನು. ಯೋಹಾನನು ಒಂದು ಸಣ್ಣ ಮಾತು ಬರೀತಾನೆ, 6:10ರಲ್ಲಿ: ಆ ಸ್ಥಳದಲ್ಲಿ ತುಂಬಾ ಹುಲ್ಲಿತ್ತು. ಐದು ಸಾವಿರ ಗಂಡಸರು, ಅದಲ್ಲದೆ ಹೆಂಗಸರು ಮಕ್ಕಳು, ಎಲ್ಲರಿಗೂ ಪಂದ್ಯದ ಊಟಕ್ಕೆ ಚಾಪೆ ಹಾಸಿದ ಹಾಗೆ ದೇವರು ಹುಲ್ಲು ಹಾಸಿದ್ದನು. ತಾನು ಒಬ್ಬನೇ ಅಳಬೇಕು ಅಂತ ಹೋದ ಜಾಗವನ್ನೇ ಯೇಸು ಎಲ್ಲರಿಗೂ ಊಟದ ಜಾಗ ಮಾಡಿದನು.

ಆ ಊಟ ಯಾರ ಕೈಯಿಂದ ಬಂತು? ಒಬ್ಬ ಹುಡುಗನ ಕೈಯಿಂದ. ಅಂದ್ರೆಯ "ಇಲ್ಲೊಬ್ಬ ಹುಡುಗ ಇದ್ದಾನೆ, ಆದರೆ ಇಷ್ಟು ಜನಕ್ಕೆ ಅದು ಯಾವ ಮೂಲೆಗೆ" ಅನ್ನೋ ಅರ್ಥದಲ್ಲಿ ಮಾತಾಡಿದ. ದೊಡ್ಡವರು ಲೆಕ್ಕ ಹಾಕಿದರು. ಹುಡುಗ ಕೊಟ್ಟ.

ಇದನ್ನ ನಾನು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಿದ್ದು ನಮ್ಮ ಸಭೆಯ ಹಿಂದೆ.

ನಮ್ಮ ಸಭೆಯ ಶೀಟ್ ಶೆಡ್ ಹಿಂದೆ ಒಂದು ಹೊಂಗೆ ಮರ ಇದೆಯಲ್ಲ, ನಿಮಗೆಲ್ಲ ಗೊತ್ತು. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಸಂಡೇ ಸ್ಕೂಲಿಗೆ ಬರ್ತಿದ್ದ. ಹೆಸರು ಬೇಡ. ಅವರಪ್ಪ ಬೆಂಗಳೂರಿಗೆ ಕೆಲಸಕ್ಕೆ ಓಡಾಡ್ತಿದ್ದವರು, ಒಂದು ದಿನ ವಾಪಸ್ ಬರಲಿಲ್ಲ, ಆಕ್ಸಿಡೆಂಟ್. ಅದಾದ ಮೇಲೆ ಆ ಹುಡುಗ ಆರಾಧನೆ ಶುರುವಾದ ತಕ್ಷಣ ಎದ್ದು ಹೊರಗೆ ಹೋಗಿ ಆ ಮರದ ಕೆಳಗೆ ಕೂತ್ಕೊಳ್ತಿದ್ದ. ಮೂರು ವಾರ ನೋಡಿದೆ. ನಾಲ್ಕನೇ ವಾರ ಹೊರಗೆ ಹೋಗಿ ಬೈದೆ. "ದೇವರ ಸನ್ನಿಧಿ ಒಳಗಿದೆ, ನೀನು ಹೊರಗೆ ಕೂತಿದ್ದೀಯ" ಅಂದೆ. ಅವನು ತಲೆ ಬಗ್ಗಿಸಿದ. ಒಂದು ಮಾತೂ ಆಡಲಿಲ್ಲ. ನಾನು ಒಳಗೆ ಬಂದು ಮೈಕ್ ಹಿಡಿದೆ. ಆ ಮಾತನ್ನ ವಾಪಸ್ ತಗೊಳ್ಳೋಕೆ ಆಗಿದ್ದರೆ ತಗೊಳ್ತಿದ್ದೆ. ಹತ್ತು ವರ್ಷದ ನನ್ನನ್ನೇ ನಾನು ಕಲ್ಲು ಎತ್ತಿ ಓಡಿಸಿದ ಹಾಗಾಯಿತು.

ಆಮೇಲೆ ಒಂದು ಭಾನುವಾರ ಕೂಟ ಮುಗಿದ ಮೇಲೆ ನೋಡ್ತೀನಿ, ಮರದ ಕೆಳಗೆ ಅವನ ಪಕ್ಕ ಇನ್ನೊಂದು ಪುಟ್ಟ ಹುಡುಗಿ ಕೂತಿದೆ. ಅವಳ ತಾಯಿ ಆಸ್ಪತ್ರೆಯಲ್ಲಿದ್ದರು. ನಾನು ಶೆಡ್ ಮೂಲೆಯಲ್ಲಿ ನಿಂತೆ, ಅವರಿಗೆ ಕಾಣದ ಹಾಗೆ. ಹುಡುಗ ಅವಳಿಗೆ ಹೇಳ್ತಿದ್ದ: "ಇಲ್ಲಿ ಕೂತ್ಕೋ. ಇಲ್ಲಿ ಯಾರೂ ಏನೂ ಕೇಳಲ್ಲ. ಇರುವೆ ಹೋಗೋದು ನೋಡ್ತಾ ಇರು, ಆಮೇಲೆ ಹೊಟ್ಟೆಯಲ್ಲಿ ಇರೋದು ಸ್ವಲ್ಪ ಕಡಿಮೆ ಆಗುತ್ತೆ." ಅವನ ಕೈಯಲ್ಲಿದ್ದ ಹೊಂಗೆ ಕಾಯಿ ಬಿಡಿಸಿ ಒಂದು ಬೀಜ ಅವಳ ಕೈಗೆ ಹಾಕಿದ.

ಪ್ರಿಯರೇ, ಎರಡನೇ ಕೊರಿಂಥ ಒಂದನೇ ಅಧ್ಯಾಯ ಇದನ್ನೇ ಹೇಳುತ್ತೆ. ದೇವರು ನಮ್ಮ ಸಂಕಟದಲ್ಲಿ ನಮ್ಮನ್ನ ಸಂತೈಸೋದು ಯಾಕೆ? ನಾವು ಸಂತೋಷವಾಗಿ ಮನೆಯಲ್ಲಿ ಕೂತ್ಕೊಳ್ಳಲಿ ಅಂತಲ್ಲ. ಯಾವ ಆದರಣೆ ನಮಗೆ ಸಿಕ್ಕಿತೋ ಅದೇ ಆದರಣೆಯನ್ನ ಕಷ್ಟದಲ್ಲಿರೋ ಇನ್ನೊಬ್ಬರಿಗೆ ಕೊಡಲಿ ಅಂತ. ಈ ವಾಕ್ಯದ ಮೇಲೆ ನಾನು ಪರೀಕ್ಷೆ ಬರೆದಿದ್ದೆ. ಆ ಹುಡುಗ ಅದನ್ನ ಬದುಕಿದ. ನನ್ನ ಹತ್ರ ಒಂದು ಮರ ಇತ್ತು, ತಮ್ಮನಿಗೆ ಕೊಡಲಿಲ್ಲ. ಅವನ ಹತ್ರ ಒಂದು ಮರ ಇತ್ತು, ಅರ್ಧ ಜಾಗ ಕೊಟ್ಟ.

ಇನ್ನೊಂದು ನಿಮಗೆ ಗೊತ್ತಿಲ್ಲದ ವಿಷಯ ಹೇಳಿಬಿಡ್ತೀನಿ. ಅದೇ ತಿಂಗಳು ಸಭೆ ಜಾಗ ಸಾಲದು, ಶೆಡ್ ಹಿಂದಕ್ಕೆ ವಿಸ್ತರಿಸಬೇಕು, ಬೈಕ್ ನಿಲ್ಲಿಸೋಕೂ ಜಾಗ ಬೇಕು ಅಂತ ಕಮಿಟಿಯಲ್ಲಿ ತೀರ್ಮಾನ ಆಗಿತ್ತು. ಹೊಂಗೆ ಮರ ಕಡಿಸಬೇಕು ಅಂತ ಹೇಳಿದವನು ನಾನೇ. ಕಡಿಯೋರ ಹತ್ರ ರೇಟೂ ಕೇಳಿದ್ದೆ. ಆ ಭಾನುವಾರ ನೋಡಿದ್ದನ್ನ ಮುಂದಿನ ಕಮಿಟಿಯಲ್ಲಿ ಹೇಳಿದೆ. ಕೆಲವರು "ಆತ್ಮಗಳ ರಕ್ಷಣೆ ಮುಖ್ಯನಾ, ಮರ ಮುಖ್ಯನಾ ಪಾಸ್ಟರ್?" ಅಂದರು. ನ್ಯಾಯವಾದ ಮಾತೇ. ಜಾಗ ನಿಜವಾಗಿಯೂ ಸಾಲದು.

ಆಗ ನಮ್ಮ ಹಿರಿಯರೊಬ್ಬರು, ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಕಮಿಟಿಯಲ್ಲಿ ಅಪರೂಪಕ್ಕೆ ಬಾಯಿ ಬಿಡೋರು, ಮಾತಾಡಿದರು. "ಕೆಳಗಡೆ ಬಂಡೆ ಕೈ ಇಡೋಕಾಗದಷ್ಟು ಕಾದಿರ್ತಿತ್ತು. ಏರ್ ಬ್ಲಾಸ್ಟ್ ಆದ ದಿನ ಪಕ್ಕದವನು ಇದ್ದಾನೋ ಇಲ್ವೋ ಗೊತ್ತಾಗ್ತಿರಲಿಲ್ಲ. ಶಿಫ್ಟ್ ಮುಗಿಸಿ ಕೇಜ್ ಮೇಲೆ ಬಂದಾಗ ನಾನು ಮೊದಲು ಶಾಫ್ಟ್ ಹತ್ರ ಇದ್ದ ಬೇವಿನ ಮರ ನೋಡ್ತಿದ್ದೆ. ಅದು ಕಂಡ ಮೇಲೆನೇ 'ಸ್ತೋತ್ರ ಯೇಸಪ್ಪಾ' ಅಂತ ಬಾಯಿಗೆ ಬರ್ತಿತ್ತು. ಆ ಹುಡುಗನೂ ಈಗ ಕೆಳಗಿಂದ ಮೇಲೆ ಬರ್ತಾ ಇದ್ದಾನೆ. ಮರ ಇರಲಿ ಬಿಡಿ."

ಮರ ಉಳಿಯಿತು. ಪೂರ್ತಿ ಅಲ್ಲ, ಶೀಟಿಗೆ ಅಡ್ಡ ಬರ್ತಿದ್ದ ದೊಡ್ಡ ಕೊಂಬೆ ಕಡಿಯಲೇಬೇಕಾಯಿತು. ಶೆಡ್ ನಾವು ಅಂದ್ಕೊಂಡಷ್ಟು ಉದ್ದ ಆಗಲಿಲ್ಲ. ಅದಕ್ಕೆ ಹಬ್ಬದ ದಿನ ನೀವು ಕೆಲವರು ಹೊರಗೆ ನಿಂತು ಆರಾಧಿಸ್ತೀರಿ. ಯಾವ ನೆರಳಲ್ಲಿ ನಿಂತಿರ್ತೀರಿ ಅಂತ ಈಗ ಗೊತ್ತಾಯಿತಲ್ಲ? ನಾನು ಆ ಹುಡುಗನ ಹತ್ರ ಹೋಗಿ ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ ಅಣ್ಣಾ" ಅಂದು, ಸ್ವಲ್ಪ ಸರಿದು, ಬೇರಿನ ಮೇಲೆ ನನಗೂ ಜಾಗ ಕೊಟ್ಟ.

ಮಾಗಡಿ ತಾಲೂಕಿನ ಹುಲಿಕಲ್‌ನ ಸಾಲುಮರದ ತಿಮ್ಮಕ್ಕ ನಿಮಗೆಲ್ಲ ಗೊತ್ತು. 2019ರಲ್ಲಿ ಪದ್ಮಶ್ರೀ ಬಂತು. ಮಕ್ಕಳಿಲ್ಲದ ನೋವನ್ನ ಆ ದಂಪತಿ ಹುಲಿಕಲ್‌ನಿಂದ ಕುದೂರಿನ ರಸ್ತೆಗೆ ಆಲದ ಸಸಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಕಳೆದರು. ಇವತ್ತು ಆ ನೆರಳಲ್ಲಿ ಹೋಗೋರು ಯಾರು ಯಾರೋ. ಅವರು ನಮ್ಮ ಸಭೆಯವರಲ್ಲ. ಆದರೂ ಅವರ ಮುಂದೆ ನನಗೆ ನಾಚಿಕೆ ಆಗುತ್ತೆ. ನೋವನ್ನ ನೆರಳು ಮಾಡಿ ದಾರಿಯಲ್ಲಿ ಹೋಗೋರಿಗೆ ಬಿಟ್ಟು ಹೋದರು. ಸಂತೈಸುವವನಾದ ಪವಿತ್ರಾತ್ಮನನ್ನ ಪಡೆದ ನಾವು ಇನ್ನೆಷ್ಟು ಕೊಡಬೇಕು!

ಈ ವಾರ ಏನು ಮಾಡೋಣ?

ಒಂದು. ನಿಮ್ಮ ಮರ ಯಾವುದು ಅಂತ ನೆನಪು ಮಾಡಿಕೊಳ್ಳಿ. ಕೆರೆ ಏರಿ, ಮನೆ ಮೇಲಿನ ತಾರಸಿ, ಸ್ಕೂಲ್ ಹಿಂದಿನ ಬೇವು, ಯಾವುದಾದರೂ ಸರಿ. ಅಲ್ಲಿ ನಿಮ್ಮನ್ನ ಕಾದವನು ಕರ್ತನೇ ಅಂತ ಹೆಸರು ಹಿಡಿದು ಸ್ತೋತ್ರ ಮಾಡಿ.

ಎರಡು. ಒಂದು ಮಗುವನ್ನ ಹೊರಗೆ ಕರ್ಕೊಂಡು ಹೋಗಿ. ಅಂತರಗಂಗೆ ಬೆಟ್ಟಕ್ಕೇ ಹೋಗಬೇಕು ಅಂತಿಲ್ಲ, ಬೀದಿ ಕೊನೆಯ ಮರ ಸಾಕು. ಅಪ್ಪ ಅಮ್ಮನಿಗೆ ಹೇಳಿ, ಇಬ್ಬರು ದೊಡ್ಡವರು ಜೊತೆಗಿದ್ದು ಕರ್ಕೊಂಡು ಹೋಗಿ. ನೀರಿನ ಹತ್ರ ಕೈ ಬಿಡಬೇಡಿ. ಹೋದ ಮೇಲೆ ಪ್ರಶ್ನೆ ಕೇಳಬೇಡಿ, ಉಪದೇಶ ಮಾಡಬೇಡಿ, ಫೋಟೋ ತೆಗೆಯಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಾಗ ಒಳ್ಳೆಯವರಾಗಿದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಮೂರು. ಮಗು ನಿಮಗೆ ಏನಾದರೂ ತೋರಿಸಿದರೆ, ಒಂದು ಕಲ್ಲು, ಒಂದು ಗರಿ, ಒಂದು ಹುಳ, ಮೊಬೈಲ್ ಕೆಳಗಿಟ್ಟು ನೋಡಿ. ಅದು ಅವನ ಐದು ರೊಟ್ಟಿ. "ಇದು ಯಾವ ಮೂಲೆಗೆ" ಅನ್ನಬೇಡಿ.

ನಾಲ್ಕು. ಮರದ ನೆರಳು ಎಲ್ಲ ಗಾಯಕ್ಕೂ ಸಾಕಾಗಲ್ಲ. ಒಂದು ಮಗು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಸಾಯಬೇಕು ಅಂದರೆ, ಅಥವಾ ಮನೆಯಲ್ಲಿ ಯಾರೋ ಹೊಡೀತಾರೆ, ಮುಟ್ಟಬಾರದ ಹಾಗೆ ಮುಟ್ಟುತ್ತಾರೆ ಅಂದರೆ, "ಪ್ರಾರ್ಥನೆ ಮಾಡೋಣ" ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮನಸ್ 14416. ಎರಡೂ ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ದೇವರು ಹಾಗರಳಿಗೆ ಎದ್ದು ಹುಡುಗನ ಕೈ ಹಿಡಿ ಅಂದನು. ಬಾವಿ ತೋರಿಸಿದನು, ಆದರೆ ಚೀಲ ತುಂಬಿಸಿ ಕುಡಿಸಿದ್ದು ಅವಳ ಕೈ.

ಐದು. ಈ ಮಳೆಗಾಲದಲ್ಲಿ ನಮ್ಮ ಸಂಡೇ ಸ್ಕೂಲ್ ಮಕ್ಕಳು ಹೊಂಗೆ ಬೀಜ ಹಾಲಿನ ಕವರಲ್ಲಿ ಮೊಳಕೆ ಹಾಕ್ತಾರೆ. ಬೆಂಗಳೂರಿನ ಪಿಜಿಯಲ್ಲಿ ಇರೋರು ಒಂದೊಂದು ತಗೊಂಡು ಹೋಗಿ. ಜಾಗ ಇಲ್ಲ ಅನ್ನಬೇಡಿ, ಜಾಗ ಇರೋರಿಗೆ ಕೊಡಿ.

ಕೊನೆಗೆ ನನ್ನ ತಮ್ಮನ ಬಗ್ಗೆ. ಹೋದ ಬೇಸಿಗೆಯಲ್ಲಿ ಅವನನ್ನ ಕರ್ಕೊಂಡು ಹಳೇ ಲೈನ್ ಕಡೆ ಹೋದೆ. ನಮ್ಮ ಮನೆ ಬಿದ್ದುಹೋಗಿದೆ. ಹುಣಸೆ ಮರ ಇದೆ. ಇಬ್ಬರೂ ದೊಡ್ಡ ಮನುಷ್ಯರು, ಬೇರಿನ ಮೇಲೆ ಜಾಗ ಸಾಲಲಿಲ್ಲ. ಆದರೂ ಕೂತ್ವಿ. ನಾನು "ತಡ ಆಯ್ತು ಕಣೋ" ಅಂದೆ. ಅವನು ಏನೂ ಅನ್ನಲಿಲ್ಲ. ಒಂದು ಚಿಗುರು ಕಿತ್ತು ಬಾಯಿಗೆ ಹಾಕ್ಕೊಂಡು, "ಹುಳಿ" ಅಂದ. ಅಷ್ಟೇ.

ಪ್ರಾರ್ಥನೆ ಮಾಡೋಣ, ಕಣ್ಣು ಮುಚ್ಚಿ.

ಪರಲೋಕದ ತಂದೆಯೇ, ಗಿಡದ ಕೆಳಗೆ ಇರೋ ಪ್ರತಿ ಮಗುವಿನ ಧ್ವನಿ ಅದು ಇರುವಲ್ಲಿಂದಲೇ ಕೇಳುವವನೇ, ನಿನಗೆ ಸ್ತೋತ್ರ. ನೀನು ಕೊಟ್ಟ ನೆರಳಿಗೆ ಬೇಲಿ ಹಾಕಿದ ನಮ್ಮನ್ನ ಕ್ಷಮಿಸು. ಕಣ್ಣು ತೆರೆದು ಬಾವಿ ತೋರಿಸು, ಕೈ ಹಿಡಿದು ಕುಡಿಸೋಕೆ ಬಲ ಕೊಡು. ಕೆ.ಜಿ.ಎಫ್‌ನ ಲೈನ್ ಮನೆಗಳಲ್ಲಿ, ಬಂಗಾರಪೇಟೆಯ ಬೀದಿಗಳಲ್ಲಿ, ಬೆಂಗಳೂರಿನ ರೂಮ್‌ಗಳಲ್ಲಿ ಮೌನವಾಗಿ ಕೂತಿರೋ ಮಕ್ಕಳನ್ನ ಪವಿತ್ರಾತ್ಮನು ಸಂತೈಸಲಿ. ನಮ್ಮನ್ನೂ ಸ್ವಲ್ಪ ಸರಿದು ಜಾಗ ಕೊಡೋರನ್ನಾಗಿ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.